ಅಪ್ಪನಿಗೆ ಕೇಳಿಸದ ಝರ್ ಸದ್ದು

ಮೊನ್ನೆ ಒಂದು ಭಾನುವಾರ ಬೆಳಿಗ್ಗೆ, ಕಾಮಾಕ್ಷಿಪಾಳ್ಯದ ನಮ್ಮನೆ ಹಾಲ್‌ನಲ್ಲಿ ಬೇಸ್ ಗಿಟಾರ್ ಹಿಡ್ಕೊಂಡು ತಲೆ ಕೆಡಿಸ್ಕೊಂಡು ಕೂತಿದ್ದೆ. ತಂತಿ ಮೀಟಿದಾಗಲೆಲ್ಲ ಸ್ಟೀಲ್ ಡಬ್ಬದ ಮುಚ್ಚಳ ಅದುರಿದ ಹಾಗೆ 'ಝರ್' ಅಂತ ಸದ್ದು. ವಾರವೆಲ್ಲ ಆಫೀಸಲ್ಲಿ ಬಗ್ ಹುಡುಕಿದ್ದು ಸಾಲದು ಅಂತ ಇದೊಂದು.

ಕಾರಣ ದೊಡ್ಡದೇನಲ್ಲ. ಅದುರುವ ತಂತಿ ಮುಂದಿನ ಫ್ರೆಟ್‌ಗೆ, ಅಂದ್ರೆ ಲೋಹದ ಅಡ್ಡಪಟ್ಟಿಗೆ ತಾಗುತ್ತೆ. ಬೇಸ್‌ನ ತಂತಿ ದಪ್ಪ, ಅದಕ್ಕೆ ಅಲುಗಾಡೋಕೆ ಜಾಗ ಜಾಸ್ತಿ ಬೇಕು. ಸದ್ದು ಎಲ್ಲಿ ಬರುತ್ತೆ ಅಂತ ನೋಡಿದರೆ ಅರ್ಧ ಉತ್ತರ ಸಿಗುತ್ತೆ. ಮೊದಲ ಐದಾರು ಫ್ರೆಟ್‌ಗಳಲ್ಲಿ ಬಂದರೆ ನೆಕ್ ತೀರಾ ನೇರ ಆಗಿರಬಹುದು. 12ನೇ ಫ್ರೆಟ್‌ನಿಂದಾಚೆ ಮಾತ್ರ ಬಂದರೆ ಬ್ರಿಡ್ಜ್‌ನಲ್ಲಿ ತಂತಿ ತಗ್ಗಿರಬಹುದು. ಒಂದೇ ಒಂದು ಜಾಗದಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಮೇಲೆದ್ದಿರಬಹುದು.

ನೆಕ್ ಚೂರೇ ಚೂರು ಬಾಗಿರಬೇಕು. ಎಷ್ಟು ಅಂತ ಅಳೆಯೋಕೆ ತಂತಿಯನ್ನ ಮೊದಲ ಫ್ರೆಟ್‌ನಲ್ಲೂ ಕೊನೇ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ಮಧ್ಯೆ 7 ಅಥವಾ 8ನೇ ಫ್ರೆಟ್ ಹತ್ತಿರ ಸಂದು ನೋಡಬೇಕು.

"ಅಪ್ಪಾ, ಫಿಲ್ಲರ್ ಗೇಜ್ ಇದ್ಯಾ?"

ಎರಡು ಸಲ ಕೂಗಿದ ಮೇಲೆ ಪೇಪರ್ ಕೆಳಗಿಟ್ಟರು. ಅಪ್ಪ ಮೂವತ್ತು ವರ್ಷ ಇಲ್ಲೇ ಶೆಡ್‌ಗಳಲ್ಲಿ ಪವರ್ ಪ್ರೆಸ್ ಓಡಿಸಿದವರು. ರಿಟೈರ್ ಆದ ಮೇಲೆ ಅವರ ಟೂಲ್ ಡಬ್ಬ ಮಂಚದ ಕೆಳಗೇ ಇತ್ತು. ಗೇಜ್ ತಂದು, "ಕೊಡಮ್ಮ ಇಲ್ಲಿ" ಅಂತ ತಾವೇ ಕೂತ್ರು.

ಇರಬೇಕಾದ ಸಂದು 0.30 ಎಂಎಂ ಆಸುಪಾಸು. ನಮ್ಮದರಲ್ಲಿ 0.10ರ ಬ್ಲೇಡೇ ಬಿಗಿಯಾಗಿ ಹೋಯ್ತು. ನೆಕ್ ಒಳಗೆ ಟ್ರಸ್ ರಾಡ್ ಅನ್ನೋ ಉಕ್ಕಿನ ಸರಳಿರುತ್ತೆ. ಅಲನ್ ಕೀ ಹಾಕಿ ಕಾಲು ಸುತ್ತು ಸಡಿಲ ಮಾಡಿದೆವು. ಬಲವಂತ ಮಾಡಬಾರದು, ಒಂದೇ ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಲೂಬಾರದು. ಮರ ಹೊಂದಿಕೊಳ್ಳಲಿ ಅಂತ ರಾತ್ರಿಯಿಡೀ ಬಿಟ್ಟೆವು.

ಮಾರನೇ ದಿನ ವರ್ಕ್ ಫ್ರಮ್ ಹೋಮ್. ಸಂದು ಸರಿಹೋಗಿತ್ತು, ಸದ್ದು ಹೆಚ್ಚೂಕಮ್ಮಿ ನಿಂತಿತ್ತು. 'ಎ' ತಂತಿಯ 5ನೇ ಫ್ರೆಟ್‌ನಲ್ಲಿ ಮಾತ್ರ ಇನ್ನೂ ಝರ್.

"ಚೆನ್ನಾಗಿದೆಯಲ್ಲಮ್ಮ" ಅಂದ್ರು ಅಪ್ಪ.

"ಎಲ್ಲಿ ಚೆನ್ನಾಗಿದೆ? ಕೇಳಪ್ಪ ಸರಿಯಾಗಿ."

ಮತ್ತೆ ಮೀಟಿದೆ. ಕಿವಿ ಹತ್ತಿರ ತಂದರು. "ಗುಂಯ್ ಅಂತ ಚೆನ್ನಾಗೇ ಬರ್ತಿದೆ. ಬೇರೇನೂ ಕೇಳ್ತಿಲ್ಲ ಕಣಮ್ಮ."

ತಮಾಷೆ ಮಾಡ್ತಿದ್ದಾರೆ ಅಂದ್ಕೊಂಡೆ. ಅಲ್ಲ. ಆ ಸ್ವರ ಇರೋದು 73 ಹರ್ಟ್ಸ್ ಆಸುಪಾಸಲ್ಲಿ, ಅದು ಅವರಿಗೆ ಕೇಳಿಸುತ್ತೆ. ಝರ್ ಅನ್ನೋ ಚೂಪು ಸದ್ದು ಅದಕ್ಕಿಂತ ತುಂಬಾ ಮೇಲೆ. ಮೆಷಿನ್ ಸದ್ದು ವರ್ಷಗಟ್ಟಲೆ ಬಡಿದರೆ ಕಿವಿ ಮೊದಲು ಕಳ್ಕೊಳ್ಳೋದು 3000ದಿಂದ 6000 ಹರ್ಟ್ಸ್ ನಡುವಿನ ಭಾಗವನ್ನೇ. 'ಸ', 'ಶ' ಥರದ ಅಕ್ಷರಗಳನ್ನ ಗುರುತಿಸೋಕೂ ಆ ಭಾಗ ಬೇಕು. ಅಂಥವರಿಗೆ ಮಾತಾಡ್ತಿರೋದು ಕೇಳಿಸುತ್ತೆ, ಮಾತು ಅರ್ಥವಾಗಲ್ಲ.

ಟೀವಿ ವಾಲ್ಯೂಮ್‌ಗೆ ನಾನು ರೇಗಿದ್ದು, ಕುಕ್ಕರ್ ಕೂಗಿದ್ದು ಗೊತ್ತಾಗ್ಲಿಲ್ವಾ ಅಂತ ಅಮ್ಮ ಬೈದಿದ್ದು, 'ಹೇಳಿದ್ದು ಕಿವಿಗೇ ಹಾಕ್ಕೊಳ್ಳಲ್ಲ' ಅಂತ ನಾವಿಬ್ಬರೂ ಸೇರಿ ಆಡ್ಕೊಂಡಿದ್ದು, ಎಲ್ಲಾ ನೆನಪಾಯ್ತು. ಮೀಟೋಕೆ ಬೆರಳು ಬರಲಿಲ್ಲ.

ಅಪ್ಪನ ಗಮನ ಪೂರ್ತಿ ಗಿಟಾರ್ ಮೇಲಿತ್ತು. "ಎಲ್ಲಿ ಬರುತ್ತೆ ಹೇಳು ಸಾಕು." ತೋರಿಸಿದೆ. ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ, ಡಬ್ಬದಿಂದ ಮೂರಿಂಚಿನ ಸ್ಟೀಲ್ ಪಟ್ಟಿ ತೆಗೆದು 5, 6, 7ನೇ ಫ್ರೆಟ್‌ಗಳ ಮೇಲೆ ನಿಲ್ಲಿಸಿದರು. ಪಟ್ಟಿ ತಕ್ಕಡಿ ಥರ ಆಡ್ತು. "ಮಧ್ಯದ್ದು ಎದ್ದಿದೆ ನೋಡು." ನೆಕ್ ಕೆಳಗೆ ಅಕ್ಕಿ ತುಂಬಿದ ಬಟ್ಟೆ ಚೀಲ ಇಟ್ಟು, 6ನೇ ಫ್ರೆಟ್ ಮೇಲೆ ಮರದ ತುಂಡಿಟ್ಟು, ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು. ಪಟ್ಟಿ ಆಡೋದು ನಿಲ್ತು.

ತಂತಿ ಕಟ್ಟಿ, ಶ್ರುತಿ ಮಾಡಿ ಮೀಟಿದೆ. ಅಪ್ಪ ಗಿಟಾರ್ ನೋಡಲಿಲ್ಲ, ನನ್ನ ಮುಖ ನೋಡಿದರು. "ಹೋಯ್ತಾ?"

"ಹೋಯ್ತಪ್ಪ."

ಶನಿವಾರ ಕಿವಿ ಡಾಕ್ಟರ್ ಹತ್ತಿರ ಕರ್ಕೊಂಡು ಹೋದೆ. "ನಂಗೇನಾಗಿದೆ?" ಅಂತ ದಾರಿಯುದ್ದಕ್ಕೂ ಗೊಣಗಾಟ. ಪರೀಕ್ಷೆಯ ಗ್ರಾಫ್‌ನಲ್ಲಿ 4000 ಹರ್ಟ್ಸ್ ಹತ್ತಿರ ಗೆರೆ ಗುಂಡಿಗೆ ಬಿದ್ದ ಹಾಗಿತ್ತು. ಹೋದದ್ದು ವಾಪಸ್ ಬರಲ್ಲ, ಆದ್ರೆ ಹಿಯರಿಂಗ್ ಏಡ್‌ನಿಂದ ಮಾತು ಸ್ಪಷ್ಟವಾಗುತ್ತೆ ಅಂದ್ರು ಡಾಕ್ಟರ್. ಅಪ್ಪ ಇನ್ನೂ ಒಪ್ಪಿಲ್ಲ. ನಾನು ಬಿಟ್ಟಿಲ್ಲ.

ನಿಮ್ಮನೇಲೂ ಮೆಷಿನ್ ಸದ್ದಲ್ಲಿ ಜೀವನ ಸವೆಸಿದವರಿದ್ದರೆ, ರೇಗೋ ಮೊದಲು ಒಂದು ಸಲ ಕಿವಿ ಪರೀಕ್ಷೆ ಮಾಡಿಸಿ. ನಾನಂತೂ ಈಗ ಅಪ್ಪನ ಎದುರಿಗೆ ಬಂದು, ಮುಖ ನೋಡ್ಕೊಂಡೇ ಮಾತಾಡ್ತೀನಿ. ಕೂಗೋದು ನಿಂತಿದೆ.