ಬೋರ್ಡಿನ ಮಾತು, ಮಗ್ಗದ ಮಾತು

ಶ್ರೀರಂಗಪಟ್ಟಣಕ್ಕೆ ಹೋದಾಗ ಸೀರೆ ಅಂಗಡಿಗಳ ಬೋರ್ಡು ಓದಿದ್ದೀರಾ? ನಾನು ಬಸ್ಸಿಗೆ ಕಾಯುವಾಗ ಓದುತ್ತೇನೆ. ಒಂದು ಕಡೆ ‘ಅಪ್ಪಟ ಕೈಮಗ್ಗದ ಮೈಸೂರು ಸಿಲ್ಕ್’ ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ಇರೋದು ನಾಲ್ಕೇ ಪದ. ಅದರಲ್ಲೂ ಒಂದು ಸುಳ್ಳು.

ಮೈಸೂರು ಸಿಲ್ಕ್ ಕೈಮಗ್ಗದ್ದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯುವ ಕಾರ್ಖಾನೆ ಶುರುವಾಯಿತು. ಸ್ವಿಟ್ಜರ್ಲೆಂಡಿನಿಂದ ಯಂತ್ರದ ಮಗ್ಗ ತರಿಸಿದರು. ಈಗ ಅದನ್ನು ಸರ್ಕಾರದ ಕೆ.ಎಸ್.ಐ.ಸಿ. ನಡೆಸುತ್ತದೆ. ಶುದ್ಧ ರೇಷ್ಮೆ, ಜರಿಯಲ್ಲಿ ಬೆಳ್ಳಿ, ಚಿನ್ನ. ಒಳ್ಳೇ ಸೀರೆಯೇ. ಅದಕ್ಕೆ ‘ಕೈಮಗ್ಗ’ ಅಂತ ಯಾಕೆ ಸೇರಿಸಬೇಕೋ!

ಇದು ನನಗೆ ಹೇಗೆ ಗೊತ್ತು ಅಂದರೆ, ನನ್ನ ತಾತ ಕೊಡಿಯಾಲದಲ್ಲಿ ಕೈಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಸಂಜೆವರೆಗೂ ಲಾಳಿ ಆ ಕಡೆ ಈ ಕಡೆ ಓಡುತ್ತಲೇ ಇರುತ್ತದೆ. ಒಂದು ಸೀರೆಗೆ ನಾಲ್ಕು ದಿನ ಬೇಕು.

ಹೋದ ತಿಂಗಳು ಒಬ್ಬ ವ್ಯಾಪಾರಿ ಬಂದು, “ಯಜಮಾನ್ರೇ, ನಿಮ್ ಸೀರೆಗೆ ಮೈಸೂರು ಸಿಲ್ಕ್ ಅಂತ ಚೀಟಿ ಹಾಕ್ಕೊಡಿ, ಒಂದೊಂದಕ್ಕೆ ಐನೂರು ಜಾಸ್ತಿ ಕೊಡ್ತೀನಿ” ಅಂದರು.

“ಅದು ಮಿಷಿನ್ನಿಂದು ಕಣಪ್ಪ. ನಾನೇನು ಮಿಷಿನ್ನಾ?” ಅಂದರು ತಾತ.

ಅಜ್ಜಿಗೆ ಸಿಟ್ಟು ಬಂತು. “ಎಲ್ರೂ ಹಾಕ್ತಾವ್ರೆ, ನೀವೊಬ್ರೇ ಹರಿಶ್ಚಂದ್ರ. ಮಳೆ ಬಂದ್ರೆ ಮಗ್ಗದ ಮೇಲೇ ಸೋರ್ತದೆ” ಅಂದರು. ಅಜ್ಜಿ ಹೇಳಿದ್ದನ್ನೂ ತಪ್ಪು ಅನ್ನೋಕೆ ನನಗೆ ಆಗಲಿಲ್ಲ. ಸೋರೋದು ನಿಜ.

ಕೊಳ್ಳುವವರಿಗೂ ಕಷ್ಟವೇ. ಒಂದೆಳೆ ದಾರ ಸುಟ್ಟು ನೋಡಿದರೆ, ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಉಂಡೆಯಾಗುತ್ತದೆ. ಆದರೆ ಯಾವ ಮಗ್ಗದ್ದು ಅಂತ ಬೂದಿ ಹೇಳಲ್ಲ. ಸಿಲ್ಕ್ ಮಾರ್ಕ್ ಕೂಡ ರೇಷ್ಮೆ ಶುದ್ಧ ಅಂತ ಮಾತ್ರ ಹೇಳುತ್ತದೆ. ಕೈಮಗ್ಗಕ್ಕೆ ಬೇರೆ ಗುರುತು ಇದೆ, ಹ್ಯಾಂಡ್‌ಲೂಮ್ ಮಾರ್ಕ್ ಅಂತ, 2006ರಲ್ಲಿ ಕೇಂದ್ರ ಸರ್ಕಾರ ತಂದಿದ್ದು. ಅದನ್ನು ಕೇಳಿ ನೋಡಿ ಕೊಳ್ಳುವವರು ನಮ್ಮೂರಲ್ಲಿ ಎಷ್ಟು ಜನ ಇದ್ದಾರೆ?

ತಾತನೂ ಸ್ವಲ್ಪ ಉಬ್ಬಿಸಿ ಹೇಳೋದು ಉಂಟು. “ನನ್ ಸೀರೆ ಮೊಮ್ಮಕ್ಕಳ ಕಾಲಕ್ಕೂ ಬರ್ತದೆ” ಅನ್ನುತ್ತಾರೆ. ಅದನ್ನು ನಾನು ದೊಡ್ಡವಳಾದ ಮೇಲೆ ನೋಡಬೇಕು. ಅಂಥ ಮಾತಿಗೆ ಯಾರೂ ಮೋಸ ಹೋಗಲ್ಲ. ಯಂತ್ರದ ಸೀರೆಗೆ ಕೈಮಗ್ಗ ಅಂತ ಬರೆದರೆ ಮಾತ್ರ ತಾತನ ನಾಲ್ಕು ದಿನವನ್ನೇ ಕಿತ್ತುಕೊಂಡ ಹಾಗೆ.

ನನ್ನ ಅಕ್ಷರ ದುಂಡಗಿದೆ ಅಂತ ತಾತ ನನ್ನ ಕೈಲೇ ಚೀಟಿ ಬರೆಸಿದರು: ‘ಕೊಡಿಯಾಲ. ಕೈಮಗ್ಗ. ರೇಷ್ಮೆ. ನಾಲ್ಕು ದಿನದ ಕೆಲಸ.’

“ಅತ್ಯುತ್ತಮ ಅಂತ ಸೇರಿಸಲಾ ತಾತ?” ಅಂದೆ.

“ಜಾಗ ಎಲ್ಲದೆ, ಬುಡು” ಅಂದರು.

ಹತ್ತು ಚೀಟಿ ಬರೆದೆ. ವ್ಯಾಪಾರಿ ಹಳೇ ರೇಟಿಗೇ ಸೀರೆ ತಗೊಂಡು ಹೋದರು. ಸೂರಿಗೆ ಸದ್ಯಕ್ಕೆ ಪ್ಲಾಸ್ಟಿಕ್ ಹೊದಿಸಿದ್ದಾರೆ.

– 7ನೇ ತರಗತಿ ವಿದ್ಯಾರ್ಥಿನಿ