ಮಾಗಿಯಲ್ಲಿ ಕಾದ ಬಂಡಿ

ಮಗುವಿನ ಮೈ ಕಾದರೆ ಮನೆಯ ಹಿರಿಯರು ಮೊದಲು ಹಣೆ ಮುಟ್ಟಿ ನೋಡುವರು. ಆಮೇಲೆ, ಯಾವಾಗಿನಿಂದ, ಏನು ತಿಂದಿತು, ಎಲ್ಲಿ ಆಡಿತು ಎಂದು ವಿಚಾರಿಸುವರು. ಥರ್ಮಾಮೀಟರು ಮನೆಗೆ ಬಂದ ಮೇಲೆ ಈ ವಿಚಾರಣೆ ಕೊಂಚ ಹಿಂದೆ ಸರಿಯಿತು. ಗಾಜಿನ ಕೊಳವೆ 102 ಎಂದಿತೆಂದರೆ ಎಲ್ಲರಿಗೂ ಆ ಅಂಕೆಯೇ ಕಾಣುವುದು, ಮಗು ಮರೆಯಾಗುವುದು. ಯಂತ್ರಗಳ ವಿಷಯದಲ್ಲಿಯೂ ಹೀಗಾಗುವುದುಂಟು.

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಅವರ ಮಗಳು ಹೊಸದುರ್ಗದ ಕಾಲೇಜಿಗೆ ಹೋಗುವವಳು. ಬಸ್ಸಿನ ವೇಳೆಗೂ ಪಾಠದ ವೇಳೆಗೂ ಹೊಂದಿಕೆಯಾಗದುದನ್ನು ಕಂಡು, ಬೆಂಗಳೂರಿನಲ್ಲಿರುವ ಅಣ್ಣನು ತನ್ನ ಸ್ಕೂಟರನ್ನು ತಂಗಿಗೆ ಕಳುಹಿಸಿಕೊಟ್ಟನು. ಮೇಷ್ಟರು ತಮ್ಮ ಕಾಲದಲ್ಲಿ ಓಡಿಸಿದುದು ಚೇತಕ್. ಅದು ಫ್ಯಾನಿನ ಗಾಳಿಯಿಂದಲೇ ತಣಿಯುವ ಬಂಡಿ. ಇದಾದರೋ ನೀರಿನಿಂದ ತಣಿಯುವುದು. ಎಂಜಿನ್ನಿನ ಬಿಸಿ ತಿಳಿಯಲೆಂದು ಅಣ್ಣನು ಹ್ಯಾಂಡಲಿನ ಬಳಿ ಒಂದು ಉಷ್ಣಮಾಪಕವನ್ನೂ ಕಟ್ಟಿಸಿದ್ದನು.

ಪುಷ್ಯಮಾಸದ ಒಂದು ಸಂಜೆ, ಸಾಧಾರಣವಾಗಿ ತೊಂಬತ್ತರ ಆಸುಪಾಸಿನಲ್ಲಿರುತ್ತಿದ್ದ ಆ ಮಾಪಕವು 112 ಡಿಗ್ರಿ ತೋರಿಸಿತು. ಮರುದಿನವೂ ಅಷ್ಟೆ. ಪೇಟೆಯ ಒಂದು ಗ್ಯಾರೇಜಿನವರು ಅಂಕೆಯನ್ನು ನೋಡಿದರು, ಬಂಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು, ಹೆಡ್ಡಿನ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು ಎಂದರು. ಅವರು ಹೇಳಿದ ಮೊತ್ತವು ಮೇಷ್ಟರ ಒಂದು ತಿಂಗಳ ಪಿಂಚಣಿಯಲ್ಲಿ ಅರ್ಧವನ್ನು ಮೀರಿತ್ತು. “ಬಂಡಿಯನ್ನು ಮಾರಿಬಿಡೋಣ, ಓದನ್ನು ಮುಂದಿನ ವರ್ಷ ನೋಡಿಕೊಳ್ಳಬಹುದು” ಎಂದು ಅವರು ತೀರ್ಮಾನಿಸಿದರು. ಮಗಳು ಎದುರಾಡಲಿಲ್ಲ, ಆ ರಾತ್ರಿ ಊಟವನ್ನೂ ಮಾಡಲಿಲ್ಲ.

ಮಾರುವ ಮುನ್ನ ಒಮ್ಮೆ ತೋರಿಸಿಯಾದರೂ ನೋಡೋಣವೆಂದು ಮೇಷ್ಟರ ಮಡದಿಯವರು ಹೇಳಿಕಳುಹಿಸಿದುದು, ಪಂಪುಸೆಟ್ಟು ರಿಪೇರಿ ಮಾಡುತ್ತಿದ್ದ ಮುದುಕನೊಬ್ಬನಿಗೆ. ಆತನಿಗೆ ಸ್ಕೂಟರು ಹೊಸದು. ಆದರೆ ನೀರಿನಿಂದ ತಣಿಯುವ ಎಂಜಿನ್ ಹೊಸದಲ್ಲ. ಹಿಂದೆ ಬಾವಿಯ ಮೇಲೆ ಕೂಡಿಸುತ್ತಿದ್ದ ಡೀಸೆಲ್ ಎಂಜಿನ್ನುಗಳು, ತಾವೇ ಮೇಲೆತ್ತಿದ ನೀರಿನಲ್ಲಿ ಒಂದು ಪಾಲನ್ನು ಮೈಯೊಳಗೆ ಹರಿಸಿಕೊಂಡು ತಣಿಯುತ್ತಿದ್ದವು.

ಆತನು ಅಂಕೆಯನ್ನು ಕೇಳಲಿಲ್ಲ. “ಯಾವಾಗ ಕಾಯ್ತದೆ ತಾಯೀ?” ಎಂದನು.

ಹುಡುಗಿ ಯೋಚಿಸಿ ಹೇಳಿದಳು: ಹೊರಟಾಗ ಸರಿಯಾಗಿಯೇ ಇರುತ್ತದೆ, ಒಂದೇ ಸಮನೆ ಓಡಿಸಿದರೆ ಏರುತ್ತದೆ, ನಿಲ್ಲಿಸಿ ಎಂಜಿನ್ನನ್ನು ಮೆಲ್ಲಗೆ ಆಡಿಸಿದರೆ ನಿಧಾನವಾಗಿ ಇಳಿಯುತ್ತದೆ. ಇದೆಲ್ಲ ಹದಿನೈದು ದಿನದಿಂದೀಚೆಗೆ.

“ಬ್ಯಾಸಿಗೇಲಿ ಕಾಯದ ಬಂಡಿ ಮಾಗೀಲಿ ಯಾಕೆ ಕಾದೀತು?” ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಆತನು ಬೆಳಿಗ್ಗೆ ಬರುವೆನೆಂದು ಹೊರಟುಹೋದನು. ಕಾದ ಎಂಜಿನ್ನಿನ ಮುಚ್ಚಳವನ್ನು ಬಿಚ್ಚಲಾಗದೆಂಬುದು ಆತನಿಗೆ ಗೊತ್ತಿತ್ತು. ಒಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿಗೆ ಕುದಿಯುವುದಿಲ್ಲ. ಸುಮಾರು 120ರವರೆಗೂ ತಡೆಯುತ್ತದೆ. ಮುಚ್ಚಳ ತೆಗೆದೊಡನೆ ಒತ್ತಡವಿಳಿದು, ಉಕ್ಕಿ, ಮುಖಕ್ಕೆ ಎರಚುತ್ತದೆ.

ಮುಂಜಾನೆಯ ಮೊದಲ ಪರೀಕ್ಷೆ ಎಂಜಿನ್ನಿಗಲ್ಲ, ಮಾಪಕಕ್ಕೆ. ರಾತ್ರಿಯೆಲ್ಲ ತಣ್ಣಗಿದ್ದ ಬಂಡಿಯು ಹೊರಗಿನ ಹವೆಯಷ್ಟೇ ಬಿಸಿಯನ್ನು ತೋರಿಸಬೇಕಷ್ಟೆ? ಮೇಷ್ಟರ ಗೋಡೆಯ ಥರ್ಮಾಮೀಟರಿಗೂ ಅದಕ್ಕೂ ತಾಳೆಯಾಯಿತು. ಆಗ, ಸುದ್ದಿ ತಂದವನು ಸುಳ್ಳನಲ್ಲವೆಂದಾಯಿತು. ಎರಡನೆಯದು, ನೀರಿನ ಮಟ್ಟ. ಅದು ಗೆರೆಗಳ ನಡುವೆಯೇ ಇದ್ದಿತು. ಮೂರನೆಯದು, ಎಂಜಿನ್ ಎಣ್ಣೆ. ನೀರು ಬೆರೆತಿದ್ದರೆ ಅದು ಹಾಲುಬೆರೆತಂತೆ ಕಾಣಬೇಕು, ಕಾಣಲಿಲ್ಲ. ತಣ್ಣಗಿರುವಾಗಲೇ ಮುಚ್ಚಳ ತೆಗೆದು ಎಂಜಿನ್ ಹೊರಡಿಸಿದರು. ಗ್ಯಾಸ್ಕೆಟ್ ಹೋಗಿದ್ದರೆ ಬಿಡದೆ ಏಳಬೇಕಾದ ಗುಳ್ಳೆಗಳು ಏಳಲಿಲ್ಲ.

ನಡುವೆ ಮೇಷ್ಟರು ಉತ್ಸಾಹದಿಂದ ಬೋರ್‌ವೆಲ್ಲಿನ ನೀರು ತುಂಬಿದ ತಂಬಿಗೆಯನ್ನು ತಂದರು. ಮುದುಕನು ಕೈಯಡ್ಡ ಹಿಡಿದನು: “ಬ್ಯಾಡಿ ಮೇಷ್ಟ್ರೇ. ನಿಮ್ಮ ನೀರೊಲೆ ಹಂಡೆ ತಳಾನ ನೋಡಿದೀರಾ?” ಆ ಗಡಸು ನೀರು ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಪದರವನ್ನೇ ಎಂಜಿನ್ನಿನ ಸಂದುಗಳಲ್ಲಿಯೂ ಕಟ್ಟುತ್ತದೆ. ಮೇಷ್ಟರು ತಂಬಿಗೆಯನ್ನು ತುಳಸಿಗೆ ಸುರಿದರು.

ಒಳಗಿನ ಏರ್ಪಾಡನ್ನು ಆತನು ಕೆರೆಯ ಭಾಷೆಯಲ್ಲಿಯೇ ತಿಳಿಸಿದನು. ಥರ್ಮೋಸ್ಟಾಟ್ ಎಂಬುದು ತೂಬು. ಅದರೊಳಗಿನ ಮೇಣವು ಸುಮಾರು 80 ಡಿಗ್ರಿಯ ಬಿಸಿಗೆ ಹಿಗ್ಗಿ ದಾರಿಯನ್ನು ತೆರೆಯುತ್ತದೆ. ಪಂಪು ನೀರನ್ನು ನಡೆಯಿಸುತ್ತದೆ. ರೇಡಿಯೇಟರು, ನೀರು ಹರಡಿಕೊಂಡು ತಣಿಯುವ ಬಯಲು. ಒತ್ತಡದ ಮುಚ್ಚಳವೇ ಕೋಡಿ. ಕೋಡಿಯೆಂದರೆ ಈ ಸೀಮೆಯವರಿಗೆ ಹಬ್ಬ; ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ, ಮತ್ತೆ ಬೀಳುವುದನ್ನು ನೋಡಲು 2022ರವರೆಗೆ ಕಾಯಬೇಕಾಯಿತು. ಸ್ಕೂಟರಿನ ಕೋಡಿ ಹರಿದರೆ ಮಾತ್ರ ಯಾರೂ ಬಾಗಿನ ಕೊಡುವುದಿಲ್ಲ.

ತೂಬು ತೆರೆಯಿತೇ ಎಂಬುದನ್ನು ಹೇಗೆ ತಿಳಿಯುವುದು? ಬಂಡಿಯನ್ನು ಕೊಂಚ ದೂರ ಓಡಿಸಿ ತಂದು, ರೇಡಿಯೇಟರಿಗೆ ಹೋಗುವ ಕೊಳವೆಯನ್ನೂ ಅಲ್ಲಿಂದ ಮರಳುವ ಕೊಳವೆಯನ್ನೂ ದಪ್ಪ ಬಟ್ಟೆ ಸುತ್ತಿದ ಕೈಯಿಂದ ಆತನು ಮುಟ್ಟಿನೋಡಿದನು. ಹೋಗುವುದು ಕಾದು ಮರಳುವುದು ತಣ್ಣಗಿದ್ದರೆ ತೂಬಿನಲ್ಲಿಯೋ ಪಂಪಿನಲ್ಲಿಯೋ ದೋಷ. ಇಲ್ಲಿ ಎರಡೂ ಒಂದೇ ಸಮನೆ ಸುಡುತ್ತಿದ್ದವು. ನೀರು ಹರಿಯುತ್ತಿದೆ, ಆದರೆ ಹೋದ ಬಿಸಿಯನ್ನೇ ಹೊತ್ತು ಹಿಂದಿರುಗುತ್ತಿದೆ.

1900ರ ಸುಮಾರಿಗೆ ಜರ್ಮನಿಯ ವಿಲ್ಹೆಲ್ಮ್ ಮೈಬಾಕ್ ಎಂಬಾತನು ಮೋಟಾರಿಗೆ ಜೇನುಗೂಡಿನಂತಹ ರೇಡಿಯೇಟರನ್ನು ರಚಿಸಿ, ಅದರಲ್ಲಿ ಸುಮಾರು 8,000 ಸಣ್ಣ ಕೊಳವೆಗಳನ್ನು ಜೋಡಿಸಿದನು. ಅವುಗಳ ಒಳಗೆ ಗಾಳಿ, ಹೊರಗೆ ನೀರು. ಇಂದಿನವುಗಳ ರೂಪ ಬೇರೆಯಾದರೂ ತತ್ತ್ವ ಅದೇ: ಅಲ್ಲಿ ಕೆಲಸ ಮಾಡುವುದು ಲೋಹವೆಷ್ಟೋ ಲೋಹದ ನಡುವಣ ಸಂದೂ ಅಷ್ಟೇ. ಸಂದು ಮುಚ್ಚಿದರೆ ರೇಡಿಯೇಟರು ಇದ್ದೂ ಇಲ್ಲದಂತೆ.

ಆ ಸ್ಕೂಟರಿನ ರೇಡಿಯೇಟರು ಮುಂದುಗಡೆ ಇಲ್ಲ. ಎಂಜಿನ್ನಿನ ಬಲಮಗ್ಗುಲಲ್ಲಿ, ನೆಲಕ್ಕೆ ಹತ್ತಿರವಾಗಿ, ಪ್ಲಾಸ್ಟಿಕ್ ಜಾಲರಿಯ ಹಿಂದೆ ಅಡಗಿದೆ. ಮುದುಕನು ನಾಲ್ಕು ತಿರುಪು ಬಿಚ್ಚಿ ಜಾಲರಿಯನ್ನು ತೆಗೆದನು. ಒಳಗೆ ಗೂಡು ಕಟ್ಟಿದಂತೆ, ಧೂಳಿನೊಡನೆ ಕಲೆತು ಗಟ್ಟಿಯಾಗಿ, ಹುರುಳಿಯ ಹೊಟ್ಟು!

ಮಾಗಿಯ ಬಿಸಿಗೆ ಕಾರಣ ದೊರೆಯಿತು. ಹದಿನೈದು ದಿನದಿಂದ ಟಾರು ರಸ್ತೆಯೇ ಊರಿನ ಕಣವಾಗಿದ್ದಿತು. ರೈತರು ಹುರುಳಿಯ ಬಳ್ಳಿಯನ್ನು ದಾರಿಯುದ್ದಕ್ಕೂ ಹಾಸುವರು. ಬಸ್ಸು ಲಾರಿಗಳು ಅದರ ಮೇಲೆ ಹರಿದು, ಕೂಲಿಯಿಲ್ಲದೆ ಒಕ್ಕಣೆ ಮಾಡಿಕೊಡುವುವು. ಹುಡುಗಿ ದಿನಕ್ಕೆರಡು ಸಲ ಆ ಹೊಟ್ಟಿನ ಮೋಡದೊಳಗೆ ಹಾದುಹೋಗುತ್ತಿದ್ದಳು.

ಮೃದುವಾದ ಕುಂಚದಿಂದಲೂ ಮೆಲ್ಲನೆ ಬಿಟ್ಟ ನೀರಿನಿಂದಲೂ ಶುಚಿಮಾಡಲು ಅರ್ಧ ಗಂಟೆ ಹಿಡಿಯಿತು. ರಭಸದ ನೀರು ಆ ತೆಳು ರೆಕ್ಕೆಗಳನ್ನು ಮಡಿಚಿಬಿಡುವುದಂತೆ. ಸಂಜೆ ಹುಡುಗಿ ಹೊಸದುರ್ಗದಿಂದ ಹಿಂದಿರುಗಿದಾಗ ಮಾಪಕದಲ್ಲಿದ್ದುದು 91.

ಮೇಷ್ಟರು ಕೊಡಬಂದ ನೋಟುಗಳಲ್ಲಿ ಮುದುಕನು ಒಂದನ್ನು ಮಾತ್ರ ತೆಗೆದುಕೊಂಡನು. ಹೊರಡುವಾಗ ಅಂಗಳದ ಮೂಲೆಯಲ್ಲಿದ್ದ ಮೂಟೆಗಳನ್ನು ನೋಡಿ ಕೇಳಿದನು: “ಹುರುಳಿ ಈ ಸಲ ಚೆನ್ನಾಗಿ ಬಂತೇನೋ ಮೇಷ್ಟ್ರೇ? ಎಲ್ಲಿ ಒಕ್ಕಿಸಿದ್ರಿ?”

ಮೇಷ್ಟರು ಉತ್ತರ ಕೊಡಲಿಲ್ಲ. ಮಗಳು ಮುಖ ತಿರುಗಿಸಿ ನಕ್ಕಳು. ಮರುವರ್ಷ ಆ ಮನೆಯ ಹುರುಳಿಯು ಹೊಲದಲ್ಲಿ ಸಾರಿಸಿದ ಕಣದ ಮೇಲೆಯೇ ಒಕ್ಕಣೆಯಾಯಿತು.