ಎಷ್ಟು ತೂಕಕ್ಕೆ ಲೆಕ್ಕ?

ರಾಯದುರ್ಗ. ಜೀನ್ಸ್ ಪ್ಯಾಂಟಿನ ಗಂಟುಗಳನ್ನು ಸೂರಿನವರೆಗೆ ಪೇರಿಸಿಕೊಂಡ ಆಟೋ ಮೂಲೆ ತಿರುಗಿತು. ವಾಲಿತು, ಬೀಳಲಿಲ್ಲ. ರೇಸ್ ಕಾರಿನ ಸಸ್ಪೆನ್ಷನ್ ಪುಸ್ತಕ ಹಿಡಿದು ಕೂತಾಗಿನಿಂದ ಕಣ್ಣಿಗೆ ಬೀಳುವುದೆಲ್ಲ ಇಂಥದ್ದೇ. ಮುಂದಿರುವುದು ಒಂದೇ ಗಾಲಿ; ವಾಲುವುದನ್ನು ಅದು ತಡೆಯಲಾರದು, ಪೂರಾ ಹೊಣೆ ಹಿಂದಿನ ಎರಡರದ್ದು. ತಿರುವಿನಲ್ಲೇ ಬ್ರೇಕ್ ಒತ್ತಿದರೆ ಭಾರ ಮೂರು ಗಾಲಿಗಳ ತ್ರಿಕೋನದ ಕಿರಿದಾದ ತುದಿಗೆ ಸರಿಯುತ್ತದೆ, ಆಟೋ ಮಗುಚುವ ಸಾಧ್ಯತೆ ಆಗಲೇ ಹೆಚ್ಚು. ಡ್ರೈವರಣ್ಣ ತಿರುಗುವ ಮೊದಲೇ ನಿಧಾನ ಮಾಡಿದ್ದ. ಯಾವ ಪುಸ್ತಕದಲ್ಲಿ ಓದಿದನೋ!

ಭಾರ ಹೊತ್ತಾಗ ಸ್ಪ್ರಿಂಗು ಎಷ್ಟು ಸೆಂ.ಮೀ. ಕುಗ್ಗಿತೆಂದು ಅಳೆದು, ಅದರ ವರ್ಗಮೂಲದಿಂದ 5ನ್ನು ಭಾಗಿಸಿ. ಗಾಡಿ ಸೆಕೆಂಡಿಗೆ ಸುಮಾರು ಎಷ್ಟು ಸಲ ಕುಣಿಯುತ್ತದೆಂದು ಸಿಗುತ್ತದೆ. 4 ಸೆಂ.ಮೀ. ಕುಗ್ಗಿದರೆ 2.5 ಸಲ, ಹೇರು ಹೆಚ್ಚಿ 9 ಆದರೆ 1.7ಕ್ಕೆ ಇಳಿಯುತ್ತದೆ. ಖಾಲಿ ಆಟೋ ಕುಪ್ಪಳಿಸುವುದೂ ತುಂಬಿದ ಆಟೋ ಗಂಭೀರವಾಗಿ ಸಾಗುವುದೂ ಇದಕ್ಕೇ. ಆದರೆ ಯಾವ ತೂಕಕ್ಕೆ ಲೆಕ್ಕ ಹಾಕುವುದು? ಮೂವರಿಗೋ, ಒಂಬತ್ತು ಜನಕ್ಕೋ? ಪುಸ್ತಕದವರು ತೂಕ ಗೊತ್ತಿದೆ ಎಂದುಕೊಂಡೇ ಮೊದಲ ಪುಟ ಬರೆಯುತ್ತಾರೆ.

ಅವರಿಗೆ ಗೊತ್ತಿರುತ್ತದೆ, ನಿಜ. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಕಾರು ಕಟ್ಟಿದಾಗ ಕೂರುವವನು ಒಬ್ಬನೇ. ಗಾಲಿ ಎಷ್ಟು ಆಡಬೇಕೆಂಬುದೂ ಗೊತ್ತಿರುತ್ತದೆ: ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ಕಾರು ಕಟ್ಟುವ ಎಂಜಿನಿಯರಿಂಗ್ ಹುಡುಗರಿಗೆ ಗಾಲಿ ಮೇಲೆ ಕೆಳಗೆ ಸೇರಿ 50 ಮಿ.ಮೀ. ಆಡಿದರೆ ನಿಯಮ ಮುಗಿಯಿತು. ನಮ್ಮ ಬೀದಿಯ ಹಂಪಿಗೆ ಅದು ಸಾಲದು.

ಕಾಗದದ ಮೇಲೆ ತುಂಬಾ ಕಾಡಿದ್ದು: ಸ್ಪ್ರಿಂಗನ್ನು ಗಾಲಿ ಹಿಡಿದ ತೋಳಿನ ನಡುಮಧ್ಯೆ ಕೂರಿಸಿದರೆ ಗಾಲಿಗೆ ಸಿಗುವ ಬಿಗಿ ಅರ್ಧವಲ್ಲ, ಕಾಲು! ಗಾಲಿ 2 ಸೆಂ.ಮೀ. ಎದ್ದರೆ ಸ್ಪ್ರಿಂಗು ಕುಗ್ಗುವುದು 1. ಹುಟ್ಟುವ ಬಲವೇ ಅರ್ಧ. ಅದೂ ಗಾಲಿಗೆ ಮುಟ್ಟುವಷ್ಟರಲ್ಲಿ ಮತ್ತೆ ಅರ್ಧ. ಲೆಕ್ಕ ಒಪ್ಪುತ್ತದೆ, ಮನಸ್ಸು ಇನ್ನೂ ಚೌಕಾಸಿ ಮಾಡುತ್ತಿದೆ.

ಮಡಕಶಿರ. ಟ್ರ್ಯಾಕ್ಟರಿನ ಹಿಂಗಾಲಿಗೆ ಸ್ಪ್ರಿಂಗೇ ಇಲ್ಲ, ಟೈರಿನ ಗಾಳಿಯೇ ಎಲ್ಲ. ನಗಬೇಕಿಲ್ಲ: 2021ರವರೆಗೆ 13 ಇಂಚಿನ ರಿಮ್ಮಿನ ಮೇಲೆ ಓಡಿದ ಫಾರ್ಮುಲಾ ಒನ್ ಕಾರುಗಳಲ್ಲೂ ಕುಲುಕಾಟದ ದೊಡ್ಡ ಪಾಲು ನುಂಗುತ್ತಿದ್ದದ್ದು ಟೈರಿನ ದಪ್ಪ ಪಕ್ಕೆಯೇ. ಕೋಟಿಗಟ್ಟಲೆ ಸುರಿದು ಅವರು ಬಂದು ನಿಂತದ್ದು ಅರ್ಧದಾರಿಯಷ್ಟು ಇಲ್ಲಿಗೇ.

ಪೆನುಕೊಂಡದ ಹತ್ತಿರ 2019ರಿಂದ ತಯಾರಾಗುತ್ತಿರುವ ಸೆಲ್ಟೋಸ್ ಕಾರೊಂದು ಅಲ್ಲೇ ನಿಂತಿತ್ತು. ಬಗ್ಗಿ ನೋಡಿದೆ. ಹಿಂದೆ ಅಡ್ಡಕ್ಕೆ ಒಂದೇ ತೊಲೆ. ಎರಡೂ ಗಾಲಿ ಒಟ್ಟಿಗೆ ಎದ್ದರೆ ಅದು ಸುಮ್ಮನಿರುತ್ತದೆ; ಒಂದೇ ಎದ್ದರೆ ತಿರುಚಿಕೊಂಡು ಎದುರಾಡುತ್ತದೆ. ಎಷ್ಟು ಎದುರಾಡಬೇಕೆಂದು ನಿರ್ಧರಿಸಿದವರ ಪಟ್ಟಿಯಲ್ಲಿ ಮಡಕಶಿರದಿಂದ ಪಾವಗಡಕ್ಕೆ ಹೋಗುವ ರಸ್ತೆ ಇತ್ತೋ ಇಲ್ಲವೋ.